ಆನೆಯ ಜಾಡು ಮತ್ತು ಹವ್ಯಾಸಿ ರೇಡಿಯೋ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಹೆಸರು ಬದಲಾದರೂ ಆನೆಯ ದಾರಿ ಬದಲಾಗಿಲ್ಲ. ಬನ್ನೇರುಘಟ್ಟ ಹಾಗೂ ಕಾವೇರಿ ವನ್ಯಧಾಮದ ಕಡೆಯಿಂದ ಬರುವ ಆನೆಗಳು ಕಬ್ಬಾಳು, ತೆಂಗಿನಕಲ್ಲು ಕಾಡುಗಳಲ್ಲಿ ಹಗಲು ಕಳೆದು, ಇರುಳಿನಲ್ಲಿ ರಾಗಿ ಹೊಲಕ್ಕೂ ಬಾಳೆಯ ತೋಟಕ್ಕೂ ಹಲಸಿನ ಮರದ ಬುಡಕ್ಕೂ ಇಳಿಯುತ್ತವೆ.

ಇದು ರೇಷ್ಮೆಯ ಸೀಮೆ. ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಸೊಪ್ಪು ತಡವಾಗುವಂತಿಲ್ಲ. ನಸುಕಿನಲ್ಲಿಯೇ ಹಿಪ್ಪುನೇರಳೆ ತೋಟಕ್ಕೆ ಹೊರಡುವ ಹೆಣ್ಣುಮಗಳಿಗೆ ತಿಳಿಯಬೇಕಾದುದು ಒಂದೇ: ರಾತ್ರಿ ಇಳಿದ ಆನೆ ಕಾಡಿಗೆ ಮರಳಿತೇ, ಇಲ್ಲವೇ? ಆ ಉತ್ತರ ಅರ್ಧ ಗಂಟೆ ತಡವಾದರೆ ಒಂದು ಜೀವ ಹೋಗಬಹುದು. ಹವ್ಯಾಸಿ ರೇಡಿಯೋದವರು ಬೆಳೆಸಿದ ಸ್ಥಾನಸೂಚಕ ಸಲಕರಣೆ ಮತ್ತು ಮುಕ್ತ ತಂತ್ರಾಂಶ ಇಲ್ಲಿ ಎಷ್ಟರಮಟ್ಟಿಗೆ ನೆರವಾದೀತು, ಎಲ್ಲಿ ನೆರವಾಗಲಾರದು ಎಂಬುದೇ ಈ ಮಾತಿನ ವಿಷಯ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಜಿಪಿಎಸ್ ಉಪಗ್ರಹವು ಆನೆಯನ್ನಾಗಲಿ ಮನುಷ್ಯನನ್ನಾಗಲಿ ನೋಡುವುದಿಲ್ಲ. ಅದು ಸಮಯದ ಸಂಕೇತವನ್ನು ಸಾರುತ್ತದೆ, ಅಷ್ಟೆ. ಹಲವು ಉಪಗ್ರಹಗಳ ಸಂಕೇತವನ್ನು ಹಿಡಿದು, ತಾನು ಎಲ್ಲಿರುವೆನೆಂದು ಲೆಕ್ಕ ಹಾಕುವುದು ನೆಲದ ಮೇಲಿನ ಪುಟ್ಟ ಗ್ರಾಹಕ. ಆ ಲೆಕ್ಕ ಇನ್ನೊಬ್ಬರಿಗೆ ತಿಳಿಯಬೇಕಾದರೆ ಬೇರೊಂದು ವಾಹಕ ಬೇಕು. ಮೊಬೈಲ್ ಗೋಪುರ ಇರುವಲ್ಲಿ ಅದೇ ವಾಹಕ. ಇಲ್ಲದಲ್ಲಿ ರೇಡಿಯೋ.

ಅಮೆರಿಕದ ನೌಕಾ ಅಕಾಡೆಮಿಯಲ್ಲಿದ್ದ ಬಾಬ್ ಬ್ರುನಿಂಗಾ ಎಂಬ ಹವ್ಯಾಸಿ ಎಪಿಆರ್‌ಎಸ್ ಎಂಬ ಪದ್ಧತಿಯನ್ನು ರೂಪಿಸಿದರು. 1984ರಲ್ಲಿ ಅದರ ಆರಂಭದ ರೂಪವೊಂದನ್ನು ಅವರು ಬಳಸಿದ್ದು ನೂರು ಮೈಲಿಯ ಕುದುರೆ ಓಟವೊಂದರಲ್ಲಿ, ಕುದುರೆಗಳು ಎಲ್ಲಿವೆ, ಹೇಗಿವೆ ಎಂದು ತಿಳಿಸಲು. ಗ್ರಾಹಕದ ಲೆಕ್ಕವನ್ನು ಒಂದು ಪುಟ್ಟ ಪೊಟ್ಟಣವಾಗಿ ಕಟ್ಟಿ, ಸುಮಾರು ಒಂದು ಸೆಕೆಂಡಿನಲ್ಲಿ ವಿಎಚ್‌ಎಫ್ ರೇಡಿಯೋದಿಂದ ಬಿತ್ತರಿಸಲಾಗುತ್ತದೆ. ಎತ್ತರದಲ್ಲಿರುವ ಮತ್ತೊಂದು ರೇಡಿಯೋ ಅದನ್ನು ಕೇಳಿ ಮರುಬಿತ್ತರಿಸುತ್ತದೆ. ಎಲ್ಲೋ ಒಂದು ಗಣಕಯಂತ್ರದ ನಕ್ಷೆಯ ಮೇಲೆ ಚುಕ್ಕೆ ಮೂಡುತ್ತದೆ. ಈ ನಕ್ಷೆಗೆ ಎಕ್ಸ್‌ಆಸ್ಟರ್, ಪೊಟ್ಟಣ ಬಿಚ್ಚಲು ಡೈರ್‌ವುಲ್ಫ್ ಮುಂತಾದ ಮುಕ್ತ ತಂತ್ರಾಂಶಗಳಿವೆ. ಅವುಗಳ ಒಳಗುಟ್ಟನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಬಿತ್ತನೆ ಬೀಜವನ್ನು ಮನೆಯಲ್ಲೇ ಉಳಿಸಿಕೊಂಡು ನೆರೆಯವರಿಗೆ ಕೊಡುವ ರೈತನಿಗೆ ಈ ಮಾತು ಹೊಸದಲ್ಲ.

ನಮ್ಮ ರಾಜ್ಯಕ್ಕೂ ಈ ಹವ್ಯಾಸ ಅಪರಿಚಿತವಲ್ಲ. ಬೆಂಗಳೂರು ಹವ್ಯಾಸಿ ರೇಡಿಯೋ ಕ್ಲಬ್ 1959ರಷ್ಟು ಹಿಂದೆಯೇ ಆರಂಭವಾಯಿತು. 2005ರಲ್ಲಿ ಇಸ್ರೋ ಹವ್ಯಾಸಿಗಳಿಗೆಂದೇ ಹ್ಯಾಮ್‌ಸ್ಯಾಟ್ ಉಪಗ್ರಹವನ್ನು ಹಾರಿಸಿತು. ಅದು 2014ರವರೆಗೆ ಕೆಲಸ ಮಾಡಿತು. 2004ರ ಸುನಾಮಿಯಲ್ಲಿ ಅಂಡಮಾನಿನಿಂದ ಸುದ್ದಿ ಹೊರಗೆ ಬರಲು ನೆರವಾದವರಲ್ಲಿ ಹವ್ಯಾಸಿಗಳೂ ಇದ್ದರು.

ಇನ್ನು ಈ ನೆಲದ ಸ್ವಭಾವ. ವಿಎಚ್‌ಎಫ್ ಅಲೆ ಬಹುಮಟ್ಟಿಗೆ ನೇರ ದೃಷ್ಟಿಯ ದಾರಿಯಲ್ಲಿ ಸಾಗುತ್ತದೆ. ಕಲ್ಲುಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಮಾಗಡಿ ತಾಲ್ಲೂಕಿನ ಸಾವನದುರ್ಗ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದಲ್ಲಿದೆ, ಸುತ್ತಲಿನ ನೆಲಕ್ಕಿಂತ ಸುಮಾರು 400 ಮೀಟರ್ ಮೇಲಿದೆ. ಅಷ್ಟು ಎತ್ತರದಿಂದ ಸಮತಟ್ಟು ನೆಲದ ಮೇಲೆ ಸುಮಾರು 80 ಕಿಲೋಮೀಟರ್ ದೂರ ರೇಡಿಯೋ ದಿಗಂತ ಎಂದು ಲೆಕ್ಕ ಹೇಳುತ್ತದೆ. ಆದರೆ ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮದ ಕಣಿವೆಗಳಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಹಾಗೆಂದು ಪ್ರತಿ ಬೆಟ್ಟದ ತಲೆಗೂ ಕಂಬ ನೆಡುವುದು ಪರಿಹಾರವಲ್ಲ. ರಾಮದೇವರ ಬೆಟ್ಟವು 2012ರಿಂದ ರಣಹದ್ದುಗಳ ಧಾಮ. ಊರಿನ ನೀರಿನ ಟ್ಯಾಂಕು, ಶಾಲೆಯ ಮಾಡು, ಇವುಗಳ ಮೇಲಿನ ಹಲವು ಪುಟ್ಟ ಕೇಂದ್ರಗಳೇ ಒಂದು ಎತ್ತರದ ಗೋಪುರಕ್ಕಿಂತ ಲೇಸು.

ಹಾಗಾದರೆ ಈ ಸಲಕರಣೆಯನ್ನು ಆನೆಯ ಕೊರಳಿಗೇ ಕಟ್ಟಿಬಿಡಬಹುದೇ? ಕೂಡದು. ಕಾರಣಗಳು ಮೂರು. ಹವ್ಯಾಸಿ ರೇಡಿಯೋದ ನಿಯಮದಂತೆ ಸಂದೇಶ ಗುಟ್ಟಾಗಿರುವಂತಿಲ್ಲ. ಯಾರು ಬೇಕಾದರೂ ಕೇಳಬಹುದು. ಆನೆ ಎಲ್ಲಿದೆಯೆಂದು ರೈತನಿಗೆ ತಿಳಿಸುವ ಅಲೆ ದಂತಚೋರನಿಗೂ ತಿಳಿಸುತ್ತದೆ. ಎರಡನೆಯದಾಗಿ, ಆ ಪರವಾನಗಿ ಇರುವುದು ಸ್ವಯಂ ಕಲಿಕೆಗೆ, ಪ್ರಯೋಗಕ್ಕೆ, ಆಪತ್ತಿನ ಸೇವೆಗೆ. ಇಲಾಖೆಯ ದಿನನಿತ್ಯದ ಕೆಲಸಕ್ಕಲ್ಲ. ಮೂರನೆಯದಾಗಿ, ಕೊರಳಪಟ್ಟಿ ಇರುವ ಆನೆ ಮಾತ್ರ ನಕ್ಷೆಯಲ್ಲಿ ಕಾಣುತ್ತದೆ. ಪಟ್ಟಿಯಿಲ್ಲದ ಒಂಟಿ ಸಲಗ ಅದೇ ಹೊಲದ ಬದುವಿನಲ್ಲಿ ನಿಂತಿರಬಹುದು. ಚುಕ್ಕೆ ಇಲ್ಲವೆಂದು ಹೊರಟವನಿಗೆ ನಕ್ಷೆಯೇ ಮೃತ್ಯುವಾದೀತು. ಕೊರಳಪಟ್ಟಿ ಅರಣ್ಯ ಇಲಾಖೆಯ ಹೊಣೆ. 2025ರಲ್ಲಿ ಅದು ಮೊಬೈಲ್ ಜಾಲದ ಮೂಲಕ ಕೆಲಸ ಮಾಡುವ ದೇಶೀಯ ಪಟ್ಟಿಯನ್ನು ಹೊರತಂದಿದೆ. ಅದು ಅಲ್ಲಿಯೇ ಇರಲಿ.

ಹವ್ಯಾಸಿಗಳಿಂದ ಕಲಿಯಬೇಕಾದುದು ಬೇರೆಯೇ ಇದೆ. ಎಪಿಆರ್‌ಎಸ್ ಬರಿಯ ಬೆನ್ನುಹತ್ತುವ ಯಂತ್ರವಲ್ಲ, ಒಂದು ಪ್ರದೇಶದ ಜನ ಪರಸ್ಪರ ಸುದ್ದಿ ಮುಟ್ಟಿಸುವ ಬಗೆ ಎಂದೇ ಬ್ರುನಿಂಗಾ ಸಾರುತ್ತಿದ್ದರು. ಕಂಡವನು ಕಂಡದ್ದನ್ನು ಕಂಡ ಜಾಗದಲ್ಲಿಯೇ ನಕ್ಷೆಯ ಮೇಲೆ ಗುರುತಿಸಬಹುದು. ಉಳಿದವರೆಲ್ಲರಿಗೂ ಅದು ಕಾಣುತ್ತದೆ. ಅಟ್ಟಣೆಯ ಮೇಲೆ ಕುಳಿತ ಕಾವಲುಗಾರ, ಆನೆ ಓಡಿಸುವ ತಂಡ, ಹಾಲು ಹಾಕಲು ಹೊರಟ ಹುಡುಗ, ಇವರೆಲ್ಲರ ಕಣ್ಣು ಒಂದೇ ಹಾಳೆಯ ಮೇಲೆ ಸೇರುವುದು ಹೀಗೆ.

ಇದಕ್ಕೆ ಕಾನೂನಿನ ದಾರಿಯೂ ಇದೆ. 865 ಮೆಗಾಹರ್ಟ್ಸ್‌ನಿಂದ 867ರವರೆಗಿನ ಪಟ್ಟಿಯನ್ನು ಕೇಂದ್ರ ಸರ್ಕಾರ 2005ರಲ್ಲಿ, ಗೊತ್ತಾದ ಶಕ್ತಿಮಿತಿಯೊಳಗೆ, ಪರವಾನಗಿಯಿಂದ ಮುಕ್ತಗೊಳಿಸಿತು. 2021ರಲ್ಲಿ ಅದು 868ರವರೆಗೆ ವಿಸ್ತರಿಸಿತು. ಅಲ್ಲಿ ಲೋರಾ ಎಂಬ, ಅಲ್ಪ ವಿದ್ಯುತ್ತಿನಲ್ಲಿ ದೂರ ಸಾಗುವ ರೇಡಿಯೋವನ್ನು ಬಳಸಬಹುದು. ಮೆಶ್‌ಟಾಸ್ಟಿಕ್ ಎಂಬ ಮುಕ್ತ ತಂತ್ರಾಂಶ ಇಂತಹ ರೇಡಿಯೋಗಳನ್ನು ಮೊಬೈಲ್ ಜಾಲವಿಲ್ಲದೆ ಒಂದಕ್ಕೊಂದು ಹೆಣೆಯುತ್ತದೆ. ಸಂದೇಶವನ್ನು ಗುಂಪಿನೊಳಗೆ ಮಾತ್ರ ಗುಟ್ಟಾಗಿಡುವ ಸೌಕರ್ಯವೂ ಇದೆ. ಹವ್ಯಾಸಿ ಪಟ್ಟಿಯಲ್ಲಿ ಸಲ್ಲದ ಗುಟ್ಟು ಇಲ್ಲಿ ಸಲ್ಲುತ್ತದೆ.

ಆದರೆ ಯಂತ್ರ ತಂದ ಮಾತ್ರಕ್ಕೆ ಕಾವಲು ನಡೆಯದು. ಬ್ಯಾಟರಿ ತುಂಬುವವರು ಯಾರು, ಮಳೆಗೆ ಕೆಟ್ಟರೆ ಬಿಚ್ಚಿ ನೋಡುವವರು ಯಾರು, ಸುಳ್ಳು ಸುದ್ದಿ ಬಂದರೆ ತಿದ್ದುವವರು ಯಾರು, ಫೋನಿಲ್ಲದ ಮುದುಕಿಗೆ ಹೋಗಿ ಹೇಳುವವರು ಯಾರು ಎಂಬುದನ್ನು ಊರೇ ಕುಳಿತು ತೀರ್ಮಾನಿಸಬೇಕು. ಹವ್ಯಾಸಿ ಪರವಾನಗಿಯ ಪರೀಕ್ಷೆಗೆ ಹನ್ನೆರಡು ವರ್ಷ ತುಂಬಿದ ಮಕ್ಕಳೂ ಕೂರಬಹುದು. ಪ್ರತಿ ಹೋಬಳಿಯಲ್ಲಿ ನಾಲ್ಕು ಮಕ್ಕಳು ಅದನ್ನು ಕಲಿತರೆ, ಕೆಟ್ಟ ರೇಡಿಯೋ ಹಿಡಿದು ನಗರಕ್ಕೆ ಓಡುವ ಪಾಡು ತಪ್ಪೀತು.

ಆನೆಯ ದಾರಿಯನ್ನು ಕಲ್ಲುಗಣಿ, ರಸ್ತೆ, ಬಡಾವಣೆಗಳು ಕಡಿಯುತ್ತ ಹೋದರೆ ಯಾವ ರೇಡಿಯೋವೂ ಯಾರನ್ನೂ ಕಾಯಲಾರದು. ದಾರಿ ಉಳಿಸುವುದು ಮೊದಲನೆಯ ಕೆಲಸ, ಸುದ್ದಿ ಮುಟ್ಟಿಸುವುದು ಎರಡನೆಯದು. ಮೊದಲನೆಯದು ಕೈಗೂಡಲು ವರ್ಷಗಳು ಬೇಕು. ಎರಡನೆಯದನ್ನು ಮುಂದಿನ ರಾಗಿ ಕೊಯ್ಲಿನೊಳಗೆ ಆರಂಭಿಸಬಹುದು. ಸೊಪ್ಪಿನ ಕುಕ್ಕೆ ಹಿಡಿದು ನಸುಕಿನಲ್ಲಿ ಬಾಗಿಲು ತೆರೆಯುವಾಕೆ ಅಷ್ಟನ್ನಾದರೂ ಈ ಸಭೆಯಿಂದ ನಿರೀಕ್ಷಿಸುವುದು ನ್ಯಾಯವಾಗಿಯೇ ಇದೆ.