ಗರಗರ ಎನ್ನುವ ಸ್ಕ್ಯಾನರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಯಾವ ಊರಿನ ತಾಲ್ಲೂಕು ಕಚೇರಿಯ ಸುತ್ತ ನೋಡಿದರೂ ಜೆರಾಕ್ಸ್ ಅಂಗಡಿಗಳು. ಪಹಣಿ, ಆಧಾರ್, ಮಾರ್ಕ್ಸ್ ಕಾರ್ಡು ಮಗುಚಿ ಹಾಕಲು ಒಂದು ಗಾಜಿನ ಸ್ಕ್ಯಾನರು. ಅದು ಗರಗರ ಎಂದರೆ, ಹಳೇದಾಯ್ತು, ಗುಜರಿಗೆ ಹಾಕಿ ಎನ್ನುವವರೇ ಹೆಚ್ಚು.

ಅವಸರ ಬೇಡ.

ಗಾಜಿನಡಿ ದೀಪ ಹೊತ್ತ ಪಟ್ಟಿಯನ್ನು ಸ್ಟೆಪ್ಪರ್ ಮೋಟಾರು ಹೆಜ್ಜೆ ಹೆಜ್ಜೆಯಾಗಿ ಎಳೆಯುತ್ತದೆ. ಆ ಹೆಜ್ಜೆಯ ವೇಗ ಯಂತ್ರದ ಸಹಜ ಕಂಪನಕ್ಕೆ ಕೂಡಿಬಂದರೆ ಇಡೀ ಡಬ್ಬಿಯೇ ನಡುಗುತ್ತದೆ. ಎಷ್ಟೋ ಮಾದರಿಗಳಲ್ಲಿ ವೇಗ ನಿರ್ಧರಿಸುವುದು ಡ್ರೈವರ್ ತಂತ್ರಾಂಶ.

ಲಿನಕ್ಸ್‌ನಲ್ಲಿ ಈ ಡ್ರೈವರ್ ಕೆಲಸಕ್ಕೆ 'ಸೇನ್' ಎಂಬ ತಂತ್ರಾಂಶ ಇದೆ. ಕ್ಯಾನನ್ ಲೈಡ್ 20, 30 ಸ್ಕ್ಯಾನರುಗಳಿಗೆ ಅದರ 'ಪ್ಲಸ್ಟೆಕ್' ಭಾಗ. ಲೈಡ್ 110ಕ್ಕೆ 'ಜೆನೆಸಿಸ್'. ಮುಕ್ತ ತಂತ್ರಾಂಶವಾದ್ದರಿಂದ ಮೋಟಾರಿನ ಅಂಕಿಗಳು ಓದಲು ಸಿಗುತ್ತವೆ. ಬಲ್ಲವರು ತಿದ್ದಿ ಮತ್ತೆ ಕಂಪೈಲ್ ಮಾಡಬಹುದು. ಅಂಕಿ ತಪ್ಪಿದರೆ ಮಾತ್ರ ಪಟ್ಟಿ ಹೋಗಿ ಅಂಚಿಗೆ ಬಡಿದೀತು. ಯುಎಸ್‌ಬಿ ತಂತಿ ಕೀಳಲು ಕೈ ಸಿದ್ಧವಿರಲಿ!

ಅಷ್ಟು ದೂರ ಹೋಗುವ ಮುಂಚೆ, ಸಾಗಣೆಗೆಂದು ಹಾಕಿದ ಲಾಕ್ ತೆಗೆದಿದೆಯೇ ನೋಡಬೇಕು. 75 ಡಿಪಿಐ ರೆಸಲ್ಯೂಷನ್‌ನಲ್ಲಿ ಗದ್ದಲವಾದರೆ 300ಕ್ಕೆ ಇಟ್ಟು ನೋಡಬಹುದು. ರೆಸಲ್ಯೂಷನ್ ಬದಲಾದರೆ ಮೋಟಾರಿನ ವೇಗವೂ ಸಾಮಾನ್ಯವಾಗಿ ಬದಲಾಗುತ್ತದೆ. ಕನ್ನಡ ಅಕ್ಷರ ಗುರುತಿಸುವ ಟೆಸೆರಾಕ್ಟ್ ತಂತ್ರಾಂಶಕ್ಕೂ 300 ಡಿಪಿಐ ಚೆನ್ನಾಗಿ ಒಗ್ಗುತ್ತದೆ.