ಬಾಗಿಲ ತೋರಣವೂ ಮನೆಯ ಆದಾಯವೂ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಮಹಿಳೆಯರ ಕೈಕಸುಬು ತರಬೇತಿಯ ಮುಕ್ತಾಯದ ದಿನ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾವು ಭಾಷಣ ಮಾಡಿ ಅಭ್ಯಾಸವಿದ್ದವರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಗದ್ದೆಗೆ ಇಳಿದವರು. ಆದರೂ ಸಂಘದ ಪರವಾಗಿ ಎರಡು ಮಾತು ಹೇಳಲೇಬೇಕು. ಯಾಕೆಂದರೆ ತರಬೇತಿ ಶುರುವಾದ ದಿನದಿಂದ ಅರಳಿಕಟ್ಟೆ ಮೇಲೆ ಒಂದು ಪ್ರಶ್ನೆ ಓಡಾಡ್ತಾ ಇದೆ. "ಗೊಬ್ಬರ ಮಾರೋ ಸಂಘಕ್ಕೂ ಗೊಂಬೆ ಹೊಲಿಯೋದಕ್ಕೂ ಏನ್ರಪ್ಪಾ ಸಂಬಂಧ?" ಅಂತ. ಕೇಳೋದು ತಪ್ಪಲ್ಲ. ಸಂಘ ಎಲ್ಲರದು. ಕೇಳಿದ್ದಕ್ಕೆ ಉತ್ತರ ಕೊಡೋದು ನಿರ್ದೇಶಕರ ಕರ್ತವ್ಯ.

ಮೊದಲನೇದಾಗಿ, ಇದು ಪಟ್ಟಣದಿಂದ ಬಂದ ಹೊಸ ಷೋಕಿ ಅಲ್ಲ. ಹರಿದ ಸೀರೆ, ಪಂಚೆಯನ್ನು ನಮ್ಮ ಅಜ್ಜಿಯರು ಎಸೆದವರಲ್ಲ. ಪದರ ಪದರವಾಗಿ ಹಾಸಿ, ಎಳೆ ಹೊಲಿಗೆ ಹಾಕಿ ಬೊಂತೆ ಮಾಡಿದರು. ಉತ್ತರ ಕರ್ನಾಟಕದವರು ಇದನ್ನೇ ಕೌದಿ ಅನ್ನುತ್ತಾರೆ. ದಸರಾ ಬಂದರೆ ಪಟ್ಟದ ಗೊಂಬೆಗೆ ಜರಿ ಚೂರು ಕೂಡಿಸಿ ಸೀರೆ ಉಡಿಸಿದರು. ಆ ದಸರಾ ಕೂಡ ನಮ್ಮದೇ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ್ದು, ಆಮೇಲೆ ಮೈಸೂರಿಗೆ ಹೋಯಿತು.

ಗಂಡಸರೂ ಈ ವಿದ್ಯೆಯಿಂದ ಹೊರಗಿನವರಲ್ಲ. ಬೇಬಿ ಬೆಟ್ಟದ ದನಗಳ ಜಾತ್ರೆಗೋ ಹೇಮಗಿರಿ ಜಾತ್ರೆಗೋ ಹಳ್ಳಿಕಾರ್ ಜೋಡಿ ಹೊಡೆದುಕೊಂಡು ಹೋಗೋವಾಗ ಕೊಂಬಿಗೆ ಕುಚ್ಚು, ಕೊರಳಿಗೆ ಗೊಂಡೆ, ಬೆನ್ನಿಗೆ ಬಣ್ಣದ ಜೂಲು ಕಟ್ಟುತ್ತೇವೆ. ಸೆಣಬು ಕೊಳೆ ಹಾಕಿ ನಾರು ಬಿಡಿಸಿ ಹಗ್ಗ ಹೊಸೆದ ಕೈ ನಮ್ಮದು. ರಾಸಿಗೆ ಗೊಂಡೆ ಕಟ್ಟಿದರೆ ಅದು ಗತ್ತು, ಹೆಂಡತಿ ಬಾಗಿಲಿಗೆ ಗೊಂಡೆ ಕಟ್ಟಿದರೆ ಅದು ಕೆಲಸವಿಲ್ಲದ ಕೆಲಸ ಅನ್ನೋದು ಯಾವ ನ್ಯಾಯ?

ಇನ್ನು ಸಾಮಾನಿನ ವಿಷಯ. ಈ ತರಬೇತಿಯಲ್ಲಿ ಮೂರು ಬಗೆ ಬಳಸಿದ್ದೇವೆ: ಫೆಲ್ಟ್, ಬಟ್ಟೆ, ಉಲ್ಲನ್ ದಾರ. ಫೆಲ್ಟ್ ಅಂದರೆ ಏನು ಅಂತ ಬಹಳ ಜನ ಕೇಳಿದರು. ಅದು ನೇಯ್ದ ಬಟ್ಟೆಯಲ್ಲ. ಹಾಸು ಹೊಕ್ಕು ಇಲ್ಲ. ಕುರಿ ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಹುರುಪೆ ಇರುತ್ತವೆ. ಬಿಸಿ ನೀರು, ಸೋಪು ಹಾಕಿ ಉಜ್ಜಿದರೆ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಹಾಳೆಯಾಗುತ್ತೆ. ಕುರಿ ಕಂಬಳಿಯನ್ನು ಬಿಸಿ ನೀರಿಗೆ ಹಾಕಿ ಕುಕ್ಕಿ ಒಗೆದರೆ ಕುಗ್ಗಿ ದಪ್ಪ ಆಗುತ್ತಲ್ಲ, ಅದೇ ಗುಟ್ಟು. ಕಾಶ್ಮೀರದಲ್ಲಿ ಇದೇ ರೀತಿ ಮಾಡಿದ ಹಾಸಿಗೆ ನಮ್ದಾ ಅಂತ ಹೆಸರು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗೋ ಫೆಲ್ಟ್ ಹಾಳೆ ಹೆಚ್ಚಾಗಿ ಉಣ್ಣೆಯದಲ್ಲ, ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ಉಲ್ಲನ್ ದಾರ ಅಂತ ಕೊಡೋದೂ ಬಹುಪಾಲು ಅಕ್ರಿಲಿಕ್ಕೇ. ಹೆಸರಿಗೆ ಮೋಸ ಹೋಗಬೇಡಿ, ಕೊಳ್ಳೋವಾಗ ಕೇಳಿ ಕೊಳ್ಳಿ.

ಫೆಲ್ಟ್‌ನ ದೊಡ್ಡ ಗುಣ ಅಂದರೆ ಕತ್ತರಿಸಿದ ಅಂಚು ಎಳೆ ಬಿಡೋದಿಲ್ಲ. ಮಾವಿನೆಲೆ ಆಕಾರ ಕತ್ತರಿಸಿ ಹಾಗೇ ತೋರಣಕ್ಕೆ ಹೊಲಿಯಬಹುದು. ನೇಯ್ದ ಬಟ್ಟೆಯಾದರೆ ಅಂಚು ಮಡಿಸಿ ಹೊಲಿಯಲೇಬೇಕು. ಉಲ್ಲನ್ ಉಂಡೆ ಹೂವಿಗೆ ರಟ್ಟಿನ ಪಟ್ಟಿ ಸಾಕು. ಸುತ್ತಬೇಕು, ನಡು ಬಿಗಿಯಾಗಿ ಕಟ್ಟಬೇಕು, ಎರಡೂ ಬದಿ ಕತ್ತರಿಸಿ ದುಂಡಗೆ ಸವರಬೇಕು. ಕಟ್ಟು ಸಡಿಲ ಆದರೆ ವಾರದಲ್ಲಿ ಹೂವು ಉದುರುತ್ತೆ.

ಮನೆಗೆ ಹೋದ ಮೇಲೆ ಮರೆಯಬಾರದ ನಾಲ್ಕು ಮಾತು:

ಒಂದು, ಹತ್ತಿ ಬಟ್ಟೆಯನ್ನು ಮೊದಲು ನೆನೆಸಿ ಒಣಗಿಸಿ ಆಮೇಲೆ ಕತ್ತರಿಸಿ. ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗಿ ಸುಕ್ಕಾಗುತ್ತೆ.

ಎರಡು, ಕೆಂಪು, ನೀಲಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಆ ಬಟ್ಟೆ ಮಾರಾಟದ ಮಾಲಿಗೆ ಬೇಡ.

ಮೂರು, ನಿಜವಾದ ಉಣ್ಣೆಗೆ ನುಸಿ ಬೀಳುತ್ತೆ. ಎತ್ತಿಡೋವಾಗ ಬಿಸಿಲು ತೋರಿಸಿ, ಒಣಗಿದ ಬೇವಿನ ಸೊಪ್ಪು ಹಾಕಿ.

ನಾಲ್ಕನೇದು ಎಲ್ಲಕ್ಕಿಂತ ಮುಖ್ಯ. ಅಕ್ರಿಲಿಕ್ ದಾರ, ಪಾಲಿಯೆಸ್ಟರ್ ಫೆಲ್ಟ್ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತೆ. ದೇವರ ದೀಪದ ಮೇಲೆ, ಗ್ಯಾಸ್ ಒಲೆ ಹತ್ತಿರ ಯಾವ ಕಾರಣಕ್ಕೂ ತೂಗು ಹಾಕಬೇಡಿ.

ಇದರಿಂದ ಬದುಕು ಕಟ್ಟಿಕೊಂಡವರು ಯಾರಾದರೂ ಇದ್ದಾರಾ ಅಂತ ಕೇಳ್ತೀರಿ. ಇದ್ದಾರೆ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಲಂಬಾಣಿ ತಾಯಂದಿರು ತಮ್ಮ ಲಂಗ, ರವಿಕೆಗೆ ಹಾಕ್ತಿದ್ದ ಕನ್ನಡಿ, ಕವಡೆ, ಬಣ್ಣದ ದಾರದ ಕಸೂತಿಯನ್ನೇ ಗೋಡೆ ಪಟ, ದಿಂಬಿನ ಹೊದಿಕೆ, ಚೀಲಗಳಿಗೆ ಇಳಿಸಿದರು. ಸಂಡೂರು ಕುಶಲ ಕಲಾ ಕೇಂದ್ರ ಅವರನ್ನು ಒಂದು ಕಡೆ ಸೇರಿಸಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಅವರು ಮಾಡಿದ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆಯಾಯಿತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆ ಸಿದ್ದಿ ಹೆಣ್ಣುಮಕ್ಕಳು ಹಳೇ ಬಟ್ಟೆ ಚೂರಿನಲ್ಲೇ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ಒಳಗೆ ಒಳಗೆ ಬರ್ತಾರೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಹೂವು ಇಡದಿದ್ದರೆ ಕೌದಿ ಪೂರ್ತಿಯಾಗಲಿಲ್ಲ ಅನ್ನೋದು ಅವರ ನಂಬಿಕೆ. ಆ ಕೌದಿಗಳು ಅಮೆರಿಕದ ಪ್ರದರ್ಶನಗಳವರೆಗೂ ಹೋಗಿವೆ.

ಅಷ್ಟು ದೂರ ಯಾಕೆ, ನಮ್ಮ ಮೇಲುಕೋಟೆಯಲ್ಲಿ 1960ರಲ್ಲಿ ಸುರೇಂದ್ರ ಕೌಲಗಿ ಅವರು ಶುರು ಮಾಡಿದ ಜನಪದ ಸೇವಾ ಟ್ರಸ್ಟ್ ಕೈಮಗ್ಗದ ಖಾದಿ ನೇಯಿಸಿ ಹಳ್ಳಿ ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿತು. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದಲ್ಲಿ ನೇಕಾರರಿದ್ದಾರೆ. ನಾಗಮಂಗಲ, ಕೆ.ಆರ್. ಪೇಟೆ ಕಡೆ ಕುರಿ ಸಾಕೋರಿದ್ದಾರೆ. ಬಟ್ಟೆ, ಉಣ್ಣೆ, ಕೈ ಮೂರೂ ನಮ್ಮಲ್ಲೇ ಇವೆ. ಇಲ್ಲದೇ ಇರೋದು ಲೆಕ್ಕ.

ಆ ಲೆಕ್ಕವನ್ನೇ ಈಗ ಹಾಕೋಣ. ಒಂದು ಬಾಗಿಲ ತೋರಣ ಅಂತ ಇಟ್ಟುಕೊಳ್ಳಿ. ಉಲ್ಲನ್ 80 ರೂಪಾಯಿ, ಫೆಲ್ಟ್ 60, ಮಣಿ ದಾರ 30, ಒಟ್ಟು 170. ಕೆಲಸ 8 ಗಂಟೆ. ವ್ಯಾಪಾರಿ ಬಂದು "ಅಕ್ಕಾ, 250ಕ್ಕೆ ಕೊಡಿ" ಅಂತಾನೆ. ಕೈಗೆ 250 ಬಂತು ಅಂತ ಖುಷಿ ಆಗುತ್ತೆ. ಸಾಮಾನಿನ 170 ಕಳೆದರೆ ಉಳಿದದ್ದು 80. ಅಂದರೆ ಗಂಟೆಗೆ 10 ರೂಪಾಯಿ! ಆ ಕೂಲಿಗೆ ಯಾರಾದರೂ ನಾಟಿ ಹಾಕೋಕೆ ಬರ್ತಾರಾ? ಗಂಟೆಗೆ 40 ಅಂತ ಹಿಡಿದರೆ ಕೂಲಿ 320, ಸಾಮಾನು 170, ಕೆಟ್ಟು ಹೋಗೋದು ಮತ್ತು ಸಾಗಣೆಗೆ ನೂರಕ್ಕೆ ಹತ್ತು, ಒಟ್ಟು 539 ರೂಪಾಯಿ. ಆ ಬೆಲೆ ಹೇಳಿದರೆ ಗಿರಾಕಿ ಹೊರಟು ಹೋಗ್ತಾನೆ. ಇದೂ ನಿಜವೇ.

ಇಲ್ಲೇ ಸಂಘ ಬೇಕಾಗೋದು. ಗೊಬ್ಬರ ಒಟ್ಟಿಗೆ ತರಿಸಿದ ಹಾಗೆ ದಾರ, ಫೆಲ್ಟ್ ಒಟ್ಟಿಗೆ ತರಿಸಿದರೆ 170ರ ಸಾಮಾನು 140ಕ್ಕೆ ಬರಬಹುದು. ಐದು ಜನ ಕೂಡಿ ಒಬ್ಬರು ಎಲೆ ಕತ್ತರಿಸಿ, ಒಬ್ಬರು ಉಂಡೆ ಕಟ್ಟಿ, ಒಬ್ಬರು ಜೋಡಿಸಿದರೆ 8 ಗಂಟೆ 5 ಗಂಟೆಗೆ ಇಳಿಯಬಹುದು. ಆಗ ಕೂಲಿ 200, ಸಾಮಾನು 140, ನೂರಕ್ಕೆ ಹತ್ತು ಸೇರಿ 374. ಕೂಲಿ ಕಡಿಮೆ ಮಾಡದೆ ಬೆಲೆ ಇಳಿಯಿತು. ಇದಕ್ಕೇ ಸಹಕಾರ ಅನ್ನೋದು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ್ದೂ ಇದೇ ತತ್ವದ ಮೇಲೆ. ಒಬ್ಬೊಬ್ಬರಾದರೆ ಸಾಹುಕಾರನ ಮರ್ಜಿ, ಒಟ್ಟಾದರೆ ನಮ್ಮ ಬೆಲೆ.

ಮಾರುಕಟ್ಟೆ ಸುಲಭ ಅಂತ ನಾವು ಹೇಳೋದಿಲ್ಲ. 2023ರಲ್ಲಿ ಬೆಂಗಳೂರು ಮೈಸೂರು ಹೊಸ ಹೆದ್ದಾರಿ ಆದ ಮೇಲೆ ವಾಹನಗಳು ಊರು ತಪ್ಪಿಸಿ ಓಡ್ತಾ ಇವೆ. ಚನ್ನಪಟ್ಟಣದ ಗೊಂಬೆ ಅಂಗಡಿಯವರು ವ್ಯಾಪಾರ ಬಿತ್ತು ಅಂತ ಹೇಳಿಕೊಂಡಿದ್ದನ್ನು ಪತ್ರಿಕೆಯಲ್ಲಿ ಓದಿದ್ದೇವೆ. ಆದರೆ ನಿಮಿಷಾಂಬ, ರಂಗನಾಥಸ್ವಾಮಿ, ಮೇಲುಕೋಟೆ, ಆದಿಚುಂಚನಗಿರಿಗೆ ಬರೋ ಭಕ್ತರು ನಿಂತಿಲ್ಲ. ಶ್ರೀರಂಗಪಟ್ಟಣ ದಸರಾ ಇದೆ, ವೈರಮುಡಿ ಇದೆ. ಇನ್ನೊಂದು ಸಂಗತಿ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯೋ ಕೆಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಲ್ಲೇ ನಿಷೇಧ ಮಾಡಿದರು. ಅದರಲ್ಲಿ ಪ್ಲಾಸ್ಟಿಕ್ ಬಾವುಟ, ಅಲಂಕಾರದ ಥರ್ಮೋಕೋಲ್ ಎರಡೂ ಸೇರಿವೆ. ಮದುವೆ ಚಪ್ಪರಕ್ಕೆ, ಗಣಪತಿ ಮಂಟಪಕ್ಕೆ, ಶಾಲೆ ವಾರ್ಷಿಕೋತ್ಸವಕ್ಕೆ ಬಟ್ಟೆ ಬಾವುಟ, ಬಟ್ಟೆ ತೋರಣ ಬಾಡಿಗೆಗೆ ಕೊಟ್ಟರೂ ಆಯಿತು. ತೊಳೆದು ಮತ್ತೆ ಕೊಡಬಹುದು.

ಈಗ ಸ್ವಲ್ಪ ಖಾರವಾದ ಮಾತು, ಬೇಜಾರು ಮಾಡಿಕೊಳ್ಳಬೇಡಿ.

2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಕನ್ನಂಬಾಡಿ ತುಂಬಲಿಲ್ಲ. ನಾಲೆ ನಂಬಿದ ಗದ್ದೆ ಒಣಗಿ ನಿಂತಿತು. ಆ ವರ್ಷ ನಮ್ಮೂರಲ್ಲಿ ಎಷ್ಟೋ ಮನೆಯ ದಿನಸಿ ನಡೆದದ್ದು ಹಾಲಿನ ಬಟವಾಡೆ ಮತ್ತು ಹೆಂಗಸರು ರಾತ್ರಿ ಕೂತು ಕಟ್ಟಿದ ಸೀರೆ ಕುಚ್ಚಿನ ದುಡ್ಡಿನಿಂದ. ಒಬ್ಬ ವ್ಯಾಪಾರಿ ನೂರಾರು ಸೀರೆ ಕುಚ್ಚು ಕಟ್ಟಿಸಿಕೊಂಡು, ನೂಲು ಸರಿಯಿಲ್ಲ ಅಂತ ಅರ್ಧ ಕೂಲಿ ಕೊಟ್ಟು ಹೋದ. ನೂಲು ತಂದುಕೊಟ್ಟಿದ್ದೂ ಅವನೇ! ಕೇಳೋಕೆ ಅವರ ಹತ್ತಿರ ಒಂದು ಚೀಟಿ ಇರಲಿಲ್ಲ, ಹಿಂದೆ ಒಂದು ಸಂಘ ಇರಲಿಲ್ಲ.

ಗದ್ದೆಯ ಸಾಲಕ್ಕೆ ಪಹಣಿ ಕೇಳ್ತೇವೆ. ಪಹಣಿ ಇರೋದು ಗಂಡನ ಹೆಸರಲ್ಲಿ, ಇಲ್ಲಾ ಮಾವನ ಹೆಸರಲ್ಲಿ. ಸೂಜಿ ಹಿಡಿದವಳಿಗೆ ಪಹಣಿ ಎಲ್ಲಿಂದ ಬರಬೇಕು? ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಮೀಸಲಿದೆ ಸರಿ. ಆದರೆ ಷೇರುದಾರರ ಪುಸ್ತಕ ತೆಗೆದು ನೋಡಿದರೆ ಹೆಂಗಸರ ಹೆಸರು ಹುಡುಕಿ ಹುಡುಕಿ ಓದಬೇಕು.

ಆದ್ದರಿಂದ ಮುಂದಿನ ಮಹಾಸಭೆಯ ಮುಂದೆ ಇಡೋ ಸಲಹೆ ಇಷ್ಟು. ಬೆಳ್ಳಿಹಬ್ಬದ ನೆನಪಿಗೆ ಊರ ಬಾಗಿಲಲ್ಲಿ ಸ್ವಾಗತ ಕಮಾನು ಕಟ್ಟಿಸೋಣ ಅನ್ನೋ ಮಾತಿದೆ. ಕಮಾನು ಚೆನ್ನಾಗಿರುತ್ತೆ, ಬೇಡ ಅನ್ನೋದಿಲ್ಲ. ಆದರೆ ಅದರ ಹಣ ಮೊದಲು ಮೂರು ಕೆಲಸಕ್ಕೆ ಆಗಲಿ. ಗೋದಾಮಿನ ಪಕ್ಕದ ಖಾಲಿ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಬೀರು, ವರ್ಷಕ್ಕಾಗುವಷ್ಟು ದಾರ, ಬಟ್ಟೆ. ಹೊಲಿಯೋ ಪ್ರತಿ ಹೆಣ್ಣುಮಗಳ ಹೆಸರಲ್ಲಿ ಒಂದು ಷೇರು, ಒಂದು ಉಳಿತಾಯ ಖಾತೆ. ಹೊರಗಿನ ವ್ಯಾಪಾರಿಗೆ ಮಾಲು ಹೋದರೆ ಸಂಘದ ರಸೀತಿಯಲ್ಲೇ ಹೋಗಬೇಕು, ದರ ಮೊದಲೇ ಬರೆದಿರಬೇಕು.

ಗಂಡಸರಲ್ಲಿ ಒಂದು ವಿನಂತಿ. ಆ ಖಾತೆಗೆ ಬಿದ್ದ ಹಣ ಯಾರು ದುಡಿದರೋ ಅವರದೇ. ಬೀಡಿಗೆ, ಬೆಟ್ಟಿಂಗ್‌ಗೆ ಅದರ ಮೇಲೆ ಕಣ್ಣು ಹಾಕಬೇಡಿ. ಹೆಂಗಸರಲ್ಲೂ ಒಂದು ವಿನಂತಿ. ಹತ್ತು ದಿನ ಕಲಿತ ಕೂಡಲೇ ಎಲ್ಲರಿಗೂ ಆದಾಯ ಬರುತ್ತೆ ಅಂತ ನಾವು ಸುಳ್ಳು ಹೇಳೋದಿಲ್ಲ. ಕೆಲವರ ಕೈ ಬೇಗ ಪಳಗುತ್ತೆ, ಕೆಲವರದು ನಿಧಾನ. ಮೊದಲು ನಿಮ್ಮ ಮನೆ ಬಾಗಿಲಿಗೆ ಕಟ್ಟಿ, ಒಂದು ಮಳೆಗಾಲ, ಒಂದು ಬೇಸಿಗೆ ತಡೆಯುತ್ತಾ ನೋಡಿ. ನಮ್ಮ ಮನೆ ಬಾಗಿಲಲ್ಲಿ ನಿಲ್ಲದ್ದನ್ನು ಇನ್ನೊಬ್ಬರ ಬಾಗಿಲಿಗೆ ಮಾರೋದು ಬೇಡ.

ಗೊಬ್ಬರಕ್ಕೂ ಗೊಂಬೆಗೂ ಏನು ಸಂಬಂಧ ಅಂತ ಕೇಳಿದವರಿಗೆ ಉತ್ತರ ಇಷ್ಟೇ. ಎರಡರ ಹಿಂದೆಯೂ ದುಡಿಯೋ ಕೈ ಇದೆ. ಒಂದು ಕೈಗೆ 25 ವರ್ಷ ಸಂಘ ಆಸರೆಯಾಗಿದೆ. ಇನ್ನೊಂದು ಕೈ ಇನ್ನೂ ಬಾಗಿಲಾಚೆ ನಿಂತಿದೆ. ಅದನ್ನು ಒಳಕ್ಕೆ ಕರೆಯೋದನ್ನು ಮಹಾಸಭೆ ತೀರ್ಮಾನ ಮಾಡಬೇಕು. ಮಹಾಸಭೆ ಅಂದರೆ ನೀವೇ. ತಪ್ಪದೆ ಬನ್ನಿ, ಕೈ ಎತ್ತಿ.



ಜೈ ಸಹಕಾರ, ಜೈ ಕರ್ನಾಟಕ.