ಒಂದೇ ಕೋಣೆಯ ತರಗತಿ

ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಮುಂಬಯಿಯ ಶಾಲೆಗಳು ಎಂಟರಿಂದ ಹನ್ನೆರಡನೆಯ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 4ರಂದು. ಚಿಕ್ಕವರು ಡಿಸೆಂಬರ್‌ವರೆಗೂ ಕಾದರು. ಅಷ್ಟು ಕಾಲ ಧಾರಾವಿ, ಕುರ್ಲಾಗಳ ಒಂದೇ ಕೋಣೆಯ ಮನೆಗಳೇ ತರಗತಿಗಳಾದವು. ಅಲ್ಲೇ ಒಲೆ, ಅಲ್ಲೇ ಅಜ್ಜಿಯ ಕೆಮ್ಮು, ಅಲ್ಲೇ ಗಣಿತ. ಪಾಠವೆಲ್ಲ ಫೋನಿನಲ್ಲಿ; ಇದ್ದ ಒಂದೇ ಫೋನನ್ನು ಅಪ್ಪ ಜೇಬಿಗಿಟ್ಟು ಕೆಲಸಕ್ಕೆ ಹೊರಟರೆ ಪಾಠವೂ ಅವನೊಂದಿಗೇ ಹೊರಟಂತೆ.

ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅವುಗಳಲ್ಲೊಂದು. ಅಲ್ಲಿ ಕಲಿಯುವ ಮಕ್ಕಳಿಗೆ ಶಾಲೆಯೆಂದರೆ ಬಿಸಿಯೂಟ, ಗೆಳೆಯರು, ಆಡಲು ಒಂದಿಷ್ಟು ಜಾಗ. ಪರದೆ ಪಾಠವನ್ನಷ್ಟೇ ತಂದಿತು, ಉಳಿದದ್ದನ್ನು ತರಲಿಲ್ಲ.

ಕ್ಯಾಮೆರಾ ಮುಚ್ಚಿಟ್ಟ ಮಗುವನ್ನು ಸೋಮಾರಿ ಎಂದವರುಂಟು. ತನ್ನ ಮನೆಯನ್ನು ಇಡೀ ತರಗತಿಗೆ ತೋರಿಸಲು ಅದಕ್ಕೆ ಸಂಕೋಚವಿದ್ದಿರಬಹುದಲ್ಲವೇ? ಹಾಜರಿ ಕೂಗುವ ಮೊದಲು "ಊಟ ಆಯಿತೇ, ನಿದ್ದೆ ಬಂತೇ?" ಎಂದು ಕೇಳುವ ಶಿಕ್ಷಕರೇ ನಿಜವಾದ ಶಿಕ್ಷಕರು. ಹಿಂದೆ ಇದೇ ನಗರದ ಕನ್ನಡ ರಾತ್ರಿಶಾಲೆಗಳಿಗೆ ಹೋಟೆಲಿನ ದುಡಿಮೆ ಮುಗಿಸಿದ ಹುಡುಗರು ಬರುತ್ತಿದ್ದರು. ಅವರ ದಣಿವನ್ನು ಅರಿಯದೆ ಅಕ್ಷರ ಕಲಿಸುವುದು ಸಾಧ್ಯವೇ ಇರಲಿಲ್ಲ.

ಶಿಕ್ಷಕರಂತೆ ಮನೆಯವರೂ ಕಲಿಕೆಗೆ ನೆರವಾಗಬಹುದು; ತಾಯಿಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ಕಲಿತದ್ದನ್ನು ಮಗು ಮನೆಮಾತಿನಲ್ಲಿ ಹೇಳಲಿ, ಆಕೆ ಕೇಳಲಿ. ಹೇಳುವಾಗಲೇ ಪಾಠ ಗಟ್ಟಿಯಾಗುತ್ತದೆ.

ಮುಂಬಯಿಯಲ್ಲಿ ಈಗಲೂ ಜೋರು ಮಳೆಗೆ ಶಾಲೆಗಳು ಮುಚ್ಚುತ್ತವೆ. ಅಂಥ ದಿನ ಕೈಗೆ ಫೋನು ಕೊಡುವ ಮುನ್ನ ಅರ್ಧ ಗಂಟೆ ಮಗುವಿನ ಪಕ್ಕದಲ್ಲಿ ಕುಳಿತು ಮಾತಾಡಿಸಿ.